ಒಬ್ಬಟ್ಟಿನ ಘಮಕ್ಕೆ ಎಷ್ಟು ನಿಮಿಷ ಆಯಸ್ಸು?

ಯುಗಾದಿಯ ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಕಳಿಸಿದ್ದರು. ಬಾಳೆಎಲೆಯ ತುಂಡಿನ ಮೇಲೆ ಐದು, ಇನ್ನೂ ಬಿಸಿಬಿಸಿ, ಮೇಲೆ ಧಾರಾಳವಾಗಿ ತುಪ್ಪ. ಮೂರು ಗಂಟೆಗೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಡಬ್ಬಿಯಲ್ಲಿ ನಾಲ್ಕೂವರೆ ಇದ್ದವು. ಉಳಿದ ಅರ್ಧ ಫ್ರಿಜ್ಜಿನ ಪಕ್ಕದ ಸಂದಿಯಲ್ಲಿ, ನನ್ನ ಒಂಬತ್ತು ವರ್ಷದ ಮೊಮ್ಮಗಳ ಬಾಯಲ್ಲಿತ್ತು. ಬಾಯಿ ಅಗಿಯುತ್ತಿತ್ತು, ಕಣ್ಣು ಅಳುತ್ತಿತ್ತು.

"ತಾತ, ಸೈತಾನ ನನ್ನನ್ನ ಸೋಲಿಸಿಬಿಟ್ಟ."

"ಮೊದಲು ನುಂಗು ಪುಟ್ಟಿ. ಗಂಟಲಿಗೆ ಸಿಕ್ಕೀತು. ಆಮೇಲೆ ಸೈತಾನನ ವಿಚಾರ ಮಾತಾಡೋಣ."

ವಿಷಯ ಇಷ್ಟೆ. ನಾವು ಕ್ರೈಸ್ತರು. ಈಸ್ಟರ್ ಹಬ್ಬಕ್ಕೆ ಮುಂಚೆ ನಮಗೆ ತಪಸ್ಸುಕಾಲ ಬರುತ್ತದೆ. ಅದು ವಿಭೂತಿ ಬುಧವಾರದಂದು ಶುರು. ಹಿಂದಿನ ವರ್ಷದ ಗರಿಗಳ ಭಾನುವಾರ ಹಿಡಿದಿದ್ದ ಒಣಗರಿಗಳನ್ನು ಸುಟ್ಟು, ಆ ಬೂದಿಯನ್ನು ಗುರುಗಳು ನಮ್ಮ ಹಣೆಗೆ ಇಡುತ್ತಾರೆ. ಆ ದಿನ ಪುಟ್ಟಿ ಒಂದು ಸಂಕಲ್ಪ ಮಾಡಿದ್ದಳು: ನಲವತ್ತು ದಿನ ಸಿಹಿ ಮುಟ್ಟುವುದಿಲ್ಲ. ಯಾರೂ ಹೇಳಿರಲಿಲ್ಲ, ಅವಳದೇ ತೀರ್ಮಾನ. ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದರೆ ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ 46 ದಿನ ಬರುತ್ತದೆ. ನಡುವಿನ ಆರು ಭಾನುವಾರಗಳು ಹಬ್ಬದ ದಿನಗಳಾದ್ದರಿಂದ ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. 46ರಲ್ಲಿ 6 ಕಳೆದರೆ 40. ಇದನ್ನು ಹೇಳಿಕೊಟ್ಟಾಗ ಪುಟ್ಟಿ ಭಾನುವಾರಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಳು. ಆದರೆ ಆ ಯುಗಾದಿ ಗುರುವಾರ ಬಂದಿತ್ತು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ನಿವೃತ್ತಿಯಾದ ಮೇಲೆ ಭಾನುವಾರ ಪೂಜೆ ಮುಗಿದ ಬಳಿಕ ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನೋಪದೇಶ ತರಗತಿ ತೆಗೆದುಕೊಳ್ಳುತ್ತೇನೆ. ಹಾಗಾಗಿ ಎರಡೂ ಕಡೆಯ ಪ್ರಶ್ನೆಗಳು ನನಗೇ ಬಂದು ಬೀಳುತ್ತವೆ. ಪುಟ್ಟಿಗೆ ಅವತ್ತು ಹೇಳಿದ್ದನ್ನೂ ಆಮೇಲೆ ತರಗತಿಯಲ್ಲಿ ಹೇಳಿದ್ದನ್ನೂ ಸೇರಿಸಿ ನಿಮಗೂ ಹೇಳುತ್ತೇನೆ. ನೀವು ಯಾವ ದೇವರಿಗೆ ಕೈಮುಗಿಯುವವರಾದರೂ ಒಬ್ಬಟ್ಟಿನ ಮುಂದೆ ಎಲ್ಲರ ಮೂಗೂ ಒಂದೇ ಥರ.

ಒಬ್ಬಟ್ಟಿನ ಡಬ್ಬಿ ತೆಗೆದಾಗ ಬೆಲ್ಲ, ಏಲಕ್ಕಿ, ತುಪ್ಪದಿಂದ ಕಣ್ಣಿಗೆ ಕಾಣದ ಅಣುಗಳು ಹಾರಿ ಗಾಳಿಗೆ ಸೇರುತ್ತವೆ. ಬಿಸಿ ಇದ್ದಷ್ಟೂ ಹೆಚ್ಚು ಅಣುಗಳು ಹಾರುತ್ತವೆ. ಅದಕ್ಕೇ ತಣ್ಣಗಾದ ಒಬ್ಬಟ್ಟು ಬಿಸಿ ಒಬ್ಬಟ್ಟಿನಷ್ಟು ಕರೆಯುವುದಿಲ್ಲ. ಮೂಗಿನ ಮೇಲ್ಭಾಗದ ತೇವದ ಪೊರೆಯಲ್ಲಿ ಆ ಅಣುಗಳನ್ನು ಹಿಡಿಯುವ ನರಕೋಶಗಳಿವೆ. ಅಲ್ಲಿಂದ ಸುದ್ದಿ ಮಿದುಳಿಗೆ ಹೋಗುವ ದಾರಿ ಬಹಳ ಚಿಕ್ಕದು. ನೆನಪುಗಳನ್ನು ಕೂಡಿಡುವ ಜಾಗ, ಆಸೆ-ಭಯಗಳನ್ನು ಕೆದಕುವ ಜಾಗ, ಎರಡೂ ಅಲ್ಲೇ ಹತ್ತಿರದಲ್ಲಿವೆ. ನೀವು "ಇದು ಒಬ್ಬಟ್ಟು" ಎಂದು ಯೋಚಿಸಿ ಮುಗಿಸುವ ಹೊತ್ತಿಗೆ ಬಾಯಲ್ಲಿ ನೀರೂರಿ ಆಗಿರುತ್ತದೆ. ನಾಲಿಗೆಗೆ ಇನ್ನೂ ಏನೂ ತಾಕಿಲ್ಲ, ಆಗಲೇ ಹೊಟ್ಟೆ ಸಿದ್ಧವಾಗಿ ನಿಂತಿದೆ. ಇದಕ್ಕೆ ಯಾರೂ ನಿಮ್ಮ ಒಪ್ಪಿಗೆ ಕೇಳುವುದಿಲ್ಲ.

ಇಲ್ಲಿ ಒಂದು ಸೋಜಿಗವಿದೆ. ನಮ್ಮ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ವುಲ್ಫ್‌ರಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುಂಚೆ ಒಂದು ದೀಪ ಹತ್ತುತ್ತದೆ ಎಂದು ಕೋತಿ ಕಲಿತ ಮೇಲೆ, ದೀಪ ಕಂಡಾಗಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು! ಅಂದರೆ ಅವುಗಳ ಗಲಾಟೆಯೆಲ್ಲ "ಸಿಗುತ್ತೆ, ಸಿಗುತ್ತೆ" ಅನ್ನುವುದರಲ್ಲೇ ಮುಗಿಯಿತು. ಅಮೆರಿಕದ ಮಿಶಿಗನ್‌ನಲ್ಲಿ ಕೆಂಟ್ ಬೆರಿಜ್ ಎಂಬುವರು ಇಲಿಗಳಲ್ಲಿ ಇನ್ನೊಂದು ಸಂಗತಿ ಕಂಡರು. ಡೋಪಮೈನ್ ಇಲ್ಲದಂತೆ ಮಾಡಿದ ಇಲಿ ಸಿಹಿಯನ್ನು ಹುಡುಕಿಕೊಂಡು ಹೋಗುವುದೇ ಇಲ್ಲ. ಆದರೆ ನಾವೇ ಸಕ್ಕರೆ ನೀರನ್ನು ನಾಲಿಗೆಗೆ ಹಾಕಿದರೆ ಖುಷಿಯಿಂದ ತುಟಿ ನೆಕ್ಕಿಕೊಳ್ಳುತ್ತದೆ. ಬೇಕು ಅನ್ನಿಸುವುದೇ ಬೇರೆ, ಚೆನ್ನಾಗಿದೆ ಅನ್ನಿಸುವುದೇ ಬೇರೆ. ಮಿದುಳಿನಲ್ಲಿ ಎರಡಕ್ಕೂ ಬೇರೆ ಬೇರೆ ಏರ್ಪಾಡು.

"ಹೇಗಿತ್ತು ಅರ್ಧ ಒಬ್ಬಟ್ಟು?" ಎಂದು ಪುಟ್ಟಿಯನ್ನು ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, "ತಿನ್ನೋಕೆ ಮುಂಚೆ ಇದ್ದಷ್ಟು ಚೆನ್ನಾಗಿರಲಿಲ್ಲ ತಾತ" ಅಂದಳು.

ಶುಲ್ಟ್ಸ್ ಮತ್ತು ಬೆರಿಜ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತು ಕಂಡದ್ದನ್ನು ಇವಳು ಫ್ರಿಜ್ಜಿನ ಸಂದಿಯಲ್ಲಿ ಐದು ನಿಮಿಷದಲ್ಲಿ ಕಂಡುಕೊಂಡಿದ್ದಳು.

ಆದರೆ ಅವಳ ಚಿಂತೆ ಬೇರೆ ಇತ್ತು. ಆಸೆ ಬಂದದ್ದೇ ಪಾಪವೇ? ಇದಕ್ಕೆ ನಮ್ಮ ಧರ್ಮದಲ್ಲಿ ಉತ್ತರ ಸ್ಪಷ್ಟವಾಗಿದೆ. ಅಲ್ಲ. ಏಕೆಂದರೆ ಯೇಸುಸ್ವಾಮಿಗೂ ಶೋಧನೆ (ತಪ್ಪು ದಾರಿಗೆ ಎಳೆಯುವ ಸೆಳೆತ) ಬಂದಿತ್ತು ಎಂದು ಬೈಬಲ್ಲೇ ಹೇಳುತ್ತದೆ. ತಪಸ್ಸುಕಾಲಕ್ಕೆ ನಲವತ್ತು ದಿನ ಎಂಬ ಲೆಕ್ಕ ಬಂದದ್ದೂ ಆ ಕತೆಯಿಂದ. ಅವರು ಜುದೇಯದ ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದರು. ಅಡವಿ ಅಂದರೆ ನಮ್ಮ ಮಲೆನಾಡಿನಂಥ ಕಾಡಲ್ಲ; ಮಳೆ ಅಪರೂಪವಾದ ಸುಣ್ಣಕಲ್ಲಿನ ಬೋಳುಗುಡ್ಡಗಳು. ಅಲ್ಲಿ ಜೆರಿಕೋ ಊರಿನ ಪಕ್ಕದ ಕಡಿದಾದ ಬೆಟ್ಟವನ್ನು ಇಂದಿಗೂ ಶೋಧನೆಯ ಬೆಟ್ಟ ಎನ್ನುತ್ತಾರೆ. ಬಂಡೆಗೆ ಅಂಟಿಕೊಂಡಂತೆ ಒಂದು ಗ್ರೀಕ್ ಸನ್ಯಾಸಿಮಠವಿದೆ.

ಉಪವಾಸದಲ್ಲಿ ದೇಹ ಏನು ಮಾಡುತ್ತದೆ? ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆಯ ದಾಸ್ತಾನು ಹೆಚ್ಚುಕಡಿಮೆ ಒಂದು ದಿನಕ್ಕೆ ಖಾಲಿ. ಆಮೇಲೆ ಕೊಬ್ಬು ಕರಗುತ್ತದೆ. ಕೊಬ್ಬಿನಿಂದ ಪಿತ್ತಜನಕಾಂಗ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಸಕ್ಕರೆಯೇ ಬೇಕೆಂದು ಹಟ ಮಾಡುವ ಮಿದುಳು ನಿಧಾನವಾಗಿ ಅದಕ್ಕೆ ಒಗ್ಗಿಕೊಳ್ಳುತ್ತದೆ. (ನೀವು ಮಾಡಿ ನೋಡಬೇಡಿ. ಕಥೋಲಿಕ ಧರ್ಮಸಭೆ ಕೂಡ ಉಪವಾಸದ ನಿಯಮವನ್ನು 18 ತುಂಬಿದವರಿಗೆ ಮಾತ್ರ ಇಟ್ಟಿದೆ. ಬೆಳೆಯುವ ಮಕ್ಕಳು ಊಟ ಬಿಡಬಾರದು.) ಹಾಗೆ ಹಸಿದು ಕಂಗೆಟ್ಟ ಹೊತ್ತಿನಲ್ಲಿ ಸೈತಾನ ಬಂದು ಕಲ್ಲುಗಳನ್ನು ರೊಟ್ಟಿ ಮಾಡಿಕೋ ಅಂದನಂತೆ.

ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ, "ಸರ್, ಕಲ್ಲನ್ನ ರೊಟ್ಟಿ ಮಾಡೋಕಾಗುತ್ತಾ?" ಎಂದು ಕೇಳಿದ. ನನಗೆ ಇಂಥ ಪ್ರಶ್ನೆ ಬಂದರೆ ಹಬ್ಬ. ಸುಣ್ಣಕಲ್ಲಿನಲ್ಲಿ ಕ್ಯಾಲ್ಸಿಯಂ, ಇಂಗಾಲ, ಆಮ್ಲಜನಕ ಇವೆ. ರೊಟ್ಟಿಯ ಪಿಷ್ಟದಲ್ಲಿ ಇಂಗಾಲ, ಜಲಜನಕ, ಆಮ್ಲಜನಕ. ಎರಡರಲ್ಲೂ ಇಂಗಾಲ ಇದ್ದೇ ಇದೆ! ಆದರೆ ಕಲ್ಲಿನೊಳಗಿನ ಇಂಗಾಲ ನಮ್ಮ ಹೊಟ್ಟೆಗೆ ದಕ್ಕುವುದಿಲ್ಲ. ಗೋಧಿ ಗಿಡ ಗಾಳಿಯ ಇಂಗಾಲವನ್ನು ಹಿಡಿದು, ನೀರು ಸೇರಿಸಿ, ಬಿಸಿಲಿನ ಶಕ್ತಿಯಿಂದ ಹೆಣೆದು ಕಾಳು ಮಾಡಲು ತಿಂಗಳುಗಟ್ಟಲೆ ಬೇಕು. ಸೈತಾನ ಕೇಳಿದ್ದು ಆ ತಿಂಗಳುಗಳನ್ನು ಒಂದು ಚಿಟಿಕೆಯಲ್ಲಿ ದಾಟಿಬಿಡು ಎಂದು. ಶೋಧನೆ ಬಹಳ ಸಲ ಹೀಗೇ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ. ಕೆಟ್ಟ ವಸ್ತು ತೋರಿಸಿಕೊಂಡು ಅಲ್ಲ, ಒಳ್ಳೆಯ ವಸ್ತುವಿಗೆ ಅಡ್ಡದಾರಿ ತೋರಿಸಿಕೊಂಡು. ರೊಟ್ಟಿಯಲ್ಲಿ ಏನು ತಪ್ಪಿದೆ? ಒಬ್ಬಟ್ಟಿನಲ್ಲಿ ತಾನೇ ಏನು ತಪ್ಪಿದೆ?

ಮೂರು ಸಲ ಸೈತಾನ ಕೆಣಕಿದ, ಮೂರು ಸಲವೂ ಯೇಸುಸ್ವಾಮಿ ಚಿಕ್ಕ ಉತ್ತರ ಕೊಟ್ಟರು. ಮೂರೂ ಉತ್ತರಗಳು ಧರ್ಮೋಪದೇಶಕಾಂಡ ಎಂಬ ಹಳೆಯ ಗ್ರಂಥದಿಂದ ಬಂದವು. ಯೆಹೂದಿ ಮಕ್ಕಳು ಬಾಲ್ಯದಲ್ಲೇ ಬಾಯಿಪಾಠ ಮಾಡುತ್ತಿದ್ದ ಮಾತುಗಳು ಅದೇ ಗ್ರಂಥದಲ್ಲಿವೆ. ಗಮನಿಸಿ, ಯೇಸುಸ್ವಾಮಿ ಅಲ್ಲಿ ಹೊಸದಾಗಿ ವಾದ ಹೂಡಲಿಲ್ಲ. ಉತ್ತರ ಮೊದಲೇ ಸಿದ್ಧವಿತ್ತು. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಇದೇ ಥರದ ಸಂಗತಿಯನ್ನು ಬಹುಕಾಲ ಅಭ್ಯಾಸ ಮಾಡಿದ್ದಾರೆ. "ನಾನು ಚೆನ್ನಾಗಿ ಓದುತ್ತೇನೆ" ಎಂಬ ಬರೀ ಸಂಕಲ್ಪಕ್ಕಿಂತ, "ಟೀವಿ ಹಾಕಬೇಕು ಅನ್ನಿಸಿದರೆ ಎದ್ದು ಹೋಗಿ ಮಹಡಿಯಲ್ಲಿ ಓದುತ್ತೇನೆ" ಎಂಬ "ಹೀಗಾದರೆ ಹೀಗೆ" ಸಂಕಲ್ಪ ಹೆಚ್ಚು ಕೆಲಸ ಮಾಡುತ್ತದೆ. ಆಸೆ ಬಂದು ನಿಂತ ಮೇಲೆ ಯೋಚಿಸುತ್ತೇನೆ ಅಂದರೆ ತಡವಾಯಿತು. ಯೋಚಿಸಬೇಕಾದ ಮಿದುಳಿನ ಭಾಗ, ಹಣೆಯ ಹಿಂದೆ ಇರುವಂಥದ್ದು, ಮೂಗಿನ ದಾರಿಗಿಂತ ನಿಧಾನ. ಅದು ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ವಯಸ್ಸಾಗಬೇಕು. ಒಂಬತ್ತು ವರ್ಷದವಳು ಸೋತಳೆಂದು ಸೈತಾನನನ್ನು ಅಷ್ಟು ಹೊಗಳುವುದು ಬೇಡ.

"ಹಾಗಾದ್ರೆ ಒಬ್ಬಟ್ಟಿನ ಯೋಚನೆ ಮಾಡಲೇಬಾರದು ಅಂತ ಗಟ್ಟಿಯಾಗಿ ಅಂದ್ಕೊಂಡ್ರೆ?" ಪುಟ್ಟಿ ಕೇಳಿದಳು.

ಮಾಡಿ ನೋಡಿ. ಈಗ ಈ ಓದು ನಿಲ್ಲಿಸಿ, ಒಂದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸದೆ ಕೂತುಕೊಳ್ಳಿ.

ಬಂತಲ್ಲ ಕರಡಿ? 1987ರಲ್ಲಿ ಡೇನಿಯಲ್ ವೆಗ್ನರ್ ಎಂಬುವರು ಅಮೆರಿಕದ ಟೆಕ್ಸಸ್‌ನಲ್ಲಿ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿದರು: ಐದು ನಿಮಿಷ ಬಿಳಿ ಕರಡಿಯ ಯೋಚನೆ ಬೇಡ, ಬಂದರೆ ಗಂಟೆ ಬಾರಿಸಿ. ಗಂಟೆ ಬಾರಿಸುತ್ತಲೇ ಇತ್ತು. ಒಂದು ಯೋಚನೆ ಬಂತೇ ಇಲ್ಲವೇ ಎಂದು ಕಾಯಲು ಮಿದುಳು ಅದನ್ನೇ ನೆನಪಿಟ್ಟುಕೊಳ್ಳಬೇಕಲ್ಲ, ಅದೇ ತೊಂದರೆ. ಆದರೆ ಕರಡಿ ಬಂದಾಗ ಬದಲಿಗೆ ಕೆಂಪು ಕಾರೊಂದನ್ನು ನೆನೆಯಿರಿ ಎಂದು ಹೇಳಿಸಿಕೊಂಡವರಿಗೆ ಆಮೇಲೆ ಕಾಟ ಕಡಿಮೆಯಾಯಿತು. ಖಾಲಿ ಜಾಗ ಬಿಡಬಾರದು, ಬೇರೆ ಏನನ್ನಾದರೂ ಕೂರಿಸಬೇಕು. ನಮ್ಮಮ್ಮ ಸಿಟ್ಟು ಬಂದಾಗ ಹತ್ತು ಸಲ "ನಮೋ ಮರಿಯಾ" ಹೇಳುತ್ತಿದ್ದಳು. ಹತ್ತನೆಯದು ಮುಗಿಯುವಷ್ಟರಲ್ಲಿ ಸೌಟು ಕೆಳಗಿಟ್ಟಿರುತ್ತಿದ್ದಳು. ಅವಳಿಗದು ಪ್ರಾರ್ಥನೆ, ತಂತ್ರವಲ್ಲ. ಪ್ರಾರ್ಥನೆಯಲ್ಲಿ ಇನ್ನೇನು ನಡೆಯುತ್ತದೆ ಎಂಬುದನ್ನು ಯಾವ ಯಂತ್ರವೂ ಅಳೆಯದು, ನಾನೂ ಅಳೆಯಲು ಹೋಗುವುದಿಲ್ಲ. ಸೌಟು ಕೆಳಗಿಳಿದದ್ದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಮಕ್ಕಳಿಗೇ ಇಟ್ಟ ಒಂದು ಹೆಸರಾಂತ ಪರೀಕ್ಷೆಯೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಎಂಬುವರು 1960ರ ದಶಕದ ಕೊನೆಯಲ್ಲಿ ಶುರುಮಾಡಿದ್ದು. ಮಗುವಿನ ಮುಂದೆ ಹತ್ತಿಯುಂಡೆಯಂಥ ಒಂದು ಸಿಹಿ. "ಈಗ ತಿಂದರೆ ಒಂದು; ನಾನು ವಾಪಸ್ ಬರುವವರೆಗೆ ಕಾದರೆ ಎರಡು" ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಕೆಲವು ಮಕ್ಕಳು ತಕ್ಷಣ ತಿಂದರು. ಕಾದ ಮಕ್ಕಳು ಹಲ್ಲು ಕಚ್ಚಿ ಅದನ್ನೇ ದಿಟ್ಟಿಸಲಿಲ್ಲ. ಕೈಯಿಂದ ಕಣ್ಣು ಮುಚ್ಚಿಕೊಂಡರು, ತಮಗೆ ತಾವೇ ಹಾಡಿಕೊಂಡರು, ಕುರ್ಚಿ ತಿರುಗಿಸಿ ಕೂತರು. ಸಿಹಿಯನ್ನು ಮುಚ್ಚಿಟ್ಟಾಗ ಹೆಚ್ಚು ಹೊತ್ತು ಕಾದರು. ಅದನ್ನು ತಿಂಡಿ ಅಂದುಕೊಳ್ಳದೆ ಮೋಡ ಅಂದುಕೊಂಡಾಗಲೂ ಹಾಗೇ. ಹಾಗೆ ಕಾದ ಮಕ್ಕಳೇ ಮುಂದೆ ಜಾಣರಾಗುತ್ತಾರೆ ಎಂದು ಬಹುಕಾಲ ಜನ ನಂಬಿದ್ದರು. 2018ರಲ್ಲಿ ಹೆಚ್ಚು ಮಕ್ಕಳನ್ನಿಟ್ಟು ನೋಡಿದಾಗ ಅದು ಅಷ್ಟೇನೂ ನಿಜವಲ್ಲ, ಮನೆಯ ಪರಿಸ್ಥಿತಿಯ ಪಾಲೇ ದೊಡ್ಡದು ಎಂದು ಕಂಡಿತು. ಆದ್ದರಿಂದ ಮೊದಲ ನಿಮಿಷದಲ್ಲೇ ತಿಂದ ಮಕ್ಕಳೂ ಹೆದರಬೇಕಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು 2013ರ ಇನ್ನೊಂದು ಪ್ರಯೋಗ. ರಾಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಎಂಬುವರು ಮತ್ತು ಜೊತೆಯವರು ಮಾಡಿದ್ದು. ಮೊದಲು ಮಕ್ಕಳಿಗೆ "ಸ್ವಲ್ಪ ಕಾದರೆ ಒಳ್ಳೆಯ ಬಣ್ಣದ ಪೆನ್ಸಿಲ್ ತರುತ್ತೇನೆ" ಎಂದರು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು; ಉಳಿದವರಿಗೆ "ಅಯ್ಯೋ, ಇಲ್ಲವಂತೆ" ಎಂದು ಕೈ ಬೀಸಿಕೊಂಡು ಬಂದರು. ಆಮೇಲೆ ಸಿಹಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡಿದ್ದ ಮಕ್ಕಳು ಸರಾಸರಿ ಸುಮಾರು 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡಿದ್ದವರು ಸುಮಾರು 3 ನಿಮಿಷ. ಮಕ್ಕಳ ಮನೋಬಲ ಒಂದೇ, ಎದುರಿನವರ ಮಾತಿನ ಬೆಲೆ ಬೇರೆ. ಕ್ರೈಸ್ತರು ವಿಶ್ವಾಸ ಅನ್ನುವುದು ಇದನ್ನೇ ಎಂದು ನಾನು ತಿಳಿದಿದ್ದೇನೆ. ಮಾತು ಕೊಟ್ಟವನು ಬರುತ್ತಾನೆ ಎಂದು ಗೊತ್ತಿದ್ದರೆ ಕಾಯುವುದಕ್ಕೆ ಮೈಯಲ್ಲಿ ಬಲ ತಾನಾಗಿ ಬರುತ್ತದೆ.

ಡಬ್ಬಿ ವಾಪಸ್ ಕೊಡಲು ಸಂಜೆ ನಾನೂ ಪುಟ್ಟಿಯೂ ಹೋದೆವು. ಖಾಲಿ ಡಬ್ಬಿ ಕೊಡಬಾರದೆಂದು ಒಳಗೆ ಬಾಳೆಹಣ್ಣು ಇಟ್ಟಿದ್ದೆವು. ಪುಟ್ಟಿ ಎಲ್ಲ ಒಪ್ಪಿಸಿದಳು. ಅಜ್ಜಿ ನಕ್ಕು, "ಅಯ್ಯೋ ಮಗಾ, ನಿನ್ನ ವ್ರತ ನಂಗೆ ಗೊತ್ತಿರಲಿಲ್ಲ. ನಿಮ್ಮ ಹಬ್ಬದ ದಿನ ಬೆಳಿಗ್ಗೆ ಬಿಸಿಬಿಸಿ ಮಾಡಿ ಕಳಿಸ್ತೀನಿ, ಆಯ್ತಾ?" ಅಂದರು.

ಮನೆಗೆ ಬಂದು ನಾವಿಬ್ಬರೂ ಒಂದು ನೋಟ್‌ಬುಕ್ ಮಾಡಿದೆವು. ಈ ಉಪಾಯ ನನ್ನದಲ್ಲ. ಸುಮಾರು 1,600 ವರ್ಷಗಳ ಹಿಂದೆ ಈಜಿಪ್ಟಿನ ಮರಳುಗಾಡಿನಲ್ಲಿ ಇವಾಗ್ರಿಯಸ್ ಎಂಬ ಸನ್ಯಾಸಿಯಿದ್ದರು, 399ರಲ್ಲಿ ತೀರಿಕೊಂಡರು. ಸನ್ಯಾಸಿಗಳನ್ನು ಕಾಡುವ ಯೋಚನೆಗಳು ಎಂಟು ಎಂದು ಅವರು ಪಟ್ಟಿ ಮಾಡಿದರು. ಹೊಟ್ಟೆಬಾಕತನ, ಹಣದಾಸೆ, ಸಿಟ್ಟು, ದುಃಖ, ಜಂಬ ಎಲ್ಲ ಅದರಲ್ಲಿವೆ. ಯಾವ ಯೋಚನೆ ಯಾವ ಹೊತ್ತಿಗೆ ಬರುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ, ಯಾವಾಗ ಏರಿ ಯಾವಾಗ ಇಳಿಯುತ್ತದೆ, ಗಮನಿಸಿ ಅಂದರು. ಪ್ರತಿ ಯೋಚನೆಗೂ ತಿರುಗಿ ಹೇಳಬೇಕಾದ ಬೈಬಲ್ಲಿನ ಮಾತುಗಳನ್ನು ಸೇರಿಸಿ ಒಂದು ಪುಸ್ತಕವನ್ನೇ ಬರೆದರು. "ಹೀಗಾದರೆ ಹೀಗೆ" ಅನ್ನುವುದರ ಪುಸ್ತಕ!

ಎಂಟರಲ್ಲಿ ನನಗೆ ತಮಾಷೆ ಅನ್ನಿಸುವುದು ಬೇಸರದ ಯೋಚನೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಹೊತ್ತಿಗೆ ಅದು ಬರುತ್ತದಂತೆ. ಸೂರ್ಯ ಅಲ್ಲಾಡುವುದೇ ಇಲ್ಲ ಅನ್ನಿಸುತ್ತದೆ. ಊಟದ ಹೊತ್ತು ಇನ್ನೂ ಎಷ್ಟು ದೂರ ಎಂದು ಸನ್ಯಾಸಿ ಕಿಟಕಿಯಿಂದ ಇಣುಕಿ ಇಣುಕಿ ನೋಡುತ್ತಾನೆ. ಅದನ್ನು ಮಧ್ಯಾಹ್ನದ ಪಿಶಾಚಿ ಎಂದು ಕರೆದರು. ಊಟವಾದ ಮೇಲಿನ ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ನೀವೂ ಅದನ್ನು ಭೇಟಿಯಾಗಿರುತ್ತೀರಿ. ನಮ್ಮೊಳಗಿನ ದೈನಿಕ ಗಡಿಯಾರ ಮಧ್ಯಾಹ್ನ ಒಮ್ಮೆ ಮಂಕಾಗುತ್ತದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಊಟ ಮಾಡದಿದ್ದರೂ ಆ ಮಂಕು ಬರುತ್ತದೆ. ಮಧ್ಯಾಹ್ನ ಮೂರರವರೆಗೆ ಊಟ ಮಾಡದ ಆ ಸನ್ಯಾಸಿಗಳು ಕಂಡದ್ದು ಸುಳ್ಳಲ್ಲ. ಅವರು ಕೊಟ್ಟ ಮದ್ದು ಇಷ್ಟೇ: ಗುಡಿಸಲು ಬಿಟ್ಟು ಓಡಬೇಡ, ಅದು ಇಳಿಯುತ್ತದೆ.

ಇಳಿಯುತ್ತದೆ. ಅಲನ್ ಮಾರ್ಲಾಟ್ ಎಂಬ ಅಮೆರಿಕದ ಮನೋವಿಜ್ಞಾನಿ ಕುಡಿತ ಬಿಡಲು ಹೆಣಗುವವರಿಗೂ ಇದನ್ನೇ ಕಲಿಸಿದರು. ಆಸೆ ಸಮುದ್ರದ ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಮುರಿಯುತ್ತದೆ. ಅದರೊಡನೆ ಗುದ್ದಾಡದೆ ಅದರ ಮೇಲೆ ತೇಲಿ. ಮೂಗಿನ ವಿಷಯವಂತೂ ಇನ್ನೂ ಸುಲಭ. ಒಂದೇ ವಾಸನೆ ಕೆಲವು ನಿಮಿಷ ಸತತವಾಗಿ ಬಂದರೆ ಮೂಗಿಗೆ ಅದು ರೂಢಿಯಾಗಿ ಸುಮ್ಮನಾಗಿಬಿಡುತ್ತದೆ. ಅಗರಬತ್ತಿ ಹಚ್ಚಿದ ಕೋಣೆಯಲ್ಲಿ ಕೂತವರಿಗೆ ಸ್ವಲ್ಪ ಹೊತ್ತಿನ ಮೇಲೆ ಘಮ ತಿಳಿಯುವುದಿಲ್ಲವಲ್ಲ, ಹಾಗೆ.

ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಮೂರೇ ಕಾಲಂ. ಏನು ಬೇಕು ಅನ್ನಿಸಿತು, ಎಷ್ಟು ಗಂಟೆಗೆ, ಯಾವಾಗ ನಿಂತಿತು. ಮೊದಲ ಸಾಲು ಗೆಳತಿಯ ಚಾಕೊಲೇಟ್: 11 ನಿಮಿಷ. ಬೇಕರಿಯ ಮುಂದೆ: 7 ನಿಮಿಷ, ನಡೆದು ಮುಂದೆ ಬಂದ ಮೇಲೆ ಮರೆತೇಹೋಯಿತು. ಮೇಜಿನ ಮೇಲೇ ಇದ್ದ ಬರ್ಫಿ: 25 ನಿಮಿಷ; ಕೊನೆಗೆ ಅವಳ ಅಮ್ಮ ಅದನ್ನೆತ್ತಿ ಬೀರುವಿನಲ್ಲಿ ಇಟ್ಟಳು. ಒಂದು ಸಾಲಿನಲ್ಲಿ ಮಾತ್ರ ಕೊನೆಯ ಕಾಲಂನಲ್ಲಿ "ತಿಂದೆ" ಎಂದಿದೆ. ರಾತ್ರಿ ಹತ್ತೂವರೆ, ಮದುವೆಮನೆಯಿಂದ ತಡವಾಗಿ ಬಂದ ದಿನ.

ಅದಕ್ಕೂ ಕಾರಣ ಇದೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ, ನಿದ್ದೆಗೆ ಎಳೆಯುತ್ತದೆ. ನಿದ್ದೆಗೆಟ್ಟಾಗ ಹಣೆಯ ಹಿಂದಿನ ಕಾವಲುಗಾರ ಮೊದಲು ತೂಕಡಿಸುತ್ತಾನೆ. ಯೇಸುಸ್ವಾಮಿ ಸೆರೆಯಾದ ರಾತ್ರಿ ಗೆತ್ಸೆಮನೆ ತೋಪಿನಲ್ಲಿ, ಶೋಧನೆಗೆ ಒಳಗಾಗದಂತೆ ಎಚ್ಚರವಾಗಿದ್ದು ಪ್ರಾರ್ಥಿಸಿ ಎಂದು ಶಿಷ್ಯರಿಗೆ ಹೇಳಿ ಹೋದರು. ಬಂದು ನೋಡಿದರೆ ಎಲ್ಲ ನಿದ್ದೆ. ಹಬ್ಬದ ಊಟವಾಗಿತ್ತು, ರಾತ್ರಿ ತುಂಬಾ ಹೊತ್ತಾಗಿತ್ತು, ದುಃಖವೂ ಇತ್ತು. ಅವರು ಬೈದು ಓಡಿಸಲಿಲ್ಲ. ಮನಸ್ಸು ಸಿದ್ಧವಿದ್ದರೂ ದೇಹಕ್ಕೆ ಬಲ ಸಾಲದು ಎಂಬುದನ್ನು ಕಂಡುಕೊಂಡರು. ಎರಡು ಸಾವಿರ ವರ್ಷ ಕಳೆದರೂ ಆ ರೋಗನಿರ್ಣಯ ತಪ್ಪಾಗಿಲ್ಲ.

ಮುಂದಿನ ಭಾನುವಾರದ ತರಗತಿಯಲ್ಲಿ ಒಬ್ಬ ಹುಡುಗ ಎಲ್ಲ ಕೇಳಿಸಿಕೊಂಡು ಕೂತಿದ್ದ. ಕೊನೆಗೆ ಕೈಯೆತ್ತಿದ. "ಸರ್, ನಮ್ಮಪ್ಪನ ಕೆಲಸ ಹೋಯ್ತು. ಅಜ್ಜಿ ಅದನ್ನೂ ಶೋಧನೆ ಅಂತಾರೆ. ಅದೂ ಒಬ್ಬಟ್ಟಿನ ಥರಾನಾ?"

ಕೋಣೆ ಸುಮ್ಮನಾಯಿತು. ನಾನೂ.

ಅಜ್ಜಿಯ ಮಾತು ಸರಿ. ಬೈಬಲ್ಲಿನ ಮೂಲ ಗ್ರೀಕಿನಲ್ಲಿ ಪೈರಾಸ್ಮೋಸ್ ಎಂಬ ಒಂದೇ ಪದ ಎರಡಕ್ಕೂ ಬಳಕೆಯಾಗಿದೆ: ಒಳಗಿನಿಂದ ಎಳೆಯುವ ಆಸೆ, ಹೊರಗಿನಿಂದ ಬಂದೆರಗುವ ಕಷ್ಟ. ಕನ್ನಡದ ಶೋಧನೆಯೂ ಹಾಗೇ. ನಮ್ಮಲ್ಲಿ ಹಿಟ್ಟನ್ನೂ ಶೋಧಿಸುತ್ತಾರೆ, ಚಿನ್ನವನ್ನೂ ಶೋಧಿಸುತ್ತಾರೆ. ಅಕ್ಕಸಾಲಿಗರ ಅಂಗಡಿಯಲ್ಲಿ ಕಪ್ಪು ಒರೆಗಲ್ಲು ನೋಡಿದ್ದೀರಾ? ಒಡವೆಯನ್ನು ಅದರ ಮೇಲೆ ಉಜ್ಜಿದರೆ ಹೊಳೆಯುವ ಗೆರೆ ಬೀಳುತ್ತದೆ. ಅದರ ಮೇಲೆ ಒಂದು ಹನಿ ನೈಟ್ರಿಕ್ ಆಮ್ಲ. ತಾಮ್ರದ ಗೆರೆಯಾದರೆ ಕರಗಿ ಮಾಯ. ಚಿನ್ನ ಆ ಆಮ್ಲದೊಡನೆ ಬೆರೆಯುವುದಿಲ್ಲ, ಗೆರೆ ಹಾಗೇ ನಿಲ್ಲುತ್ತದೆ. ಒರೆಗಲ್ಲು ಚಿನ್ನವನ್ನು ಮಾಡುವುದೂ ಇಲ್ಲ, ಕೆಡಿಸುವುದೂ ಇಲ್ಲ. ಒಳಗೆ ಇದ್ದದ್ದನ್ನು ತೋರಿಸುತ್ತದೆ, ಅಷ್ಟೆ.

ಹಾಗಾದರೆ ದೇವರೇ ಅವನ ಅಪ್ಪನ ಕೆಲಸ ಕಿತ್ತುಕೊಂಡು ಒರೆಗೆ ಹಚ್ಚಿದನೇ? ಹಾಗೆ ನಾನು ಹೇಳಲಿಲ್ಲ. ದೇವರು ಯಾರನ್ನೂ ಕೇಡಿಗೆ ಸೆಳೆಯುವುದಿಲ್ಲ ಎಂದು ಯಾಕೋಬನ ಪತ್ರ ಹೇಳುತ್ತದೆ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ದೇವರೇ ಶೋಧನೆಗೆ ನೂಕುತ್ತಾನೆ ಎಂಬ ಅರ್ಥ ಬರುವ ಅನುವಾದ ಸರಿಯಲ್ಲ ಎಂದು ಪೋಪ್ ಫ್ರಾನ್ಸಿಸ್ 2017ರಲ್ಲಿ ಹೇಳಿದ್ದರು. ಇಟಲಿಯ ಪೂಜಾಗ್ರಂಥದಲ್ಲಿ 2020ರಲ್ಲಿ ಆ ಸಾಲನ್ನು ತಿದ್ದಿದರು. ಮಗು ಬಿದ್ದರೆ ಎತ್ತುವವನು ತಂದೆ, ನೂಕುವವನಲ್ಲ.

ಬೈಬಲ್ಲಿನಲ್ಲಿ ಯೋಬ ಎಂಬ ಒಬ್ಬ ಒಳ್ಳೆಯ ಮನುಷ್ಯ ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಳ್ಳುತ್ತಾನೆ. ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಆಮೇಲೆ ಬಾಯಿ ಬಿಟ್ಟು, ನೀನು ಏನೋ ತಪ್ಪು ಮಾಡಿರಬೇಕು ಎಂದು ಶುರುಮಾಡುತ್ತಾರೆ. ಗ್ರಂಥದ ಕೊನೆಯಲ್ಲಿ ದೇವರಿಗೆ ಸಿಟ್ಟು ಬರುವುದು ಯೋಬನ ಮೇಲಲ್ಲ, ಈ ಗೆಳೆಯರ ಮೇಲೆ. ಅವರು ಮಾಡಿದ ಒಳ್ಳೆಯ ಕೆಲಸ ಆ ಏಳು ದಿನ ಸುಮ್ಮನೆ ಕೂತದ್ದು. 2006ರಲ್ಲಿ ಜೇಮ್ಸ್ ಕೋನ್ ಮತ್ತು ಜೊತೆಯವರು 16 ಮಹಿಳೆಯರನ್ನು ಒಬ್ಬೊಬ್ಬರಾಗಿ ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ, ಕಾಲಿಗೆ ಸಣ್ಣ ವಿದ್ಯುತ್ ಆಘಾತ ಬರಬಹುದೆಂದು ಹೇಳಿ ಪರೀಕ್ಷಿಸಿದರು. ಒಬ್ಬಂಟಿಯಾಗಿದ್ದಾಗ ಮಿದುಳಿನ ಅಪಾಯದ ಗಂಟೆ ಜೋರಾಗಿ ಬಾರಿಸಿತು. ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ತಗ್ಗಿತು. ಗಂಡನ ಕೈ ಹಿಡಿದಾಗ ಇನ್ನೂ ತಗ್ಗಿತು. ಆಘಾತ ಅದೇ, ಕೈ ಮಾತ್ರ ಬೇರೆ.

ಇದನ್ನೆಲ್ಲ ಆ ಹುಡುಗನಿಗೆ ಅವತ್ತು ಹೇಳಿದೆ ಅಂದುಕೊಳ್ಳಬೇಡಿ. "ಒಬ್ಬಟ್ಟಿನ ಥರ ಅಲ್ಲಪ್ಪ, ಇದು ಬೇರೆ" ಎಂದಷ್ಟೇ ಹೇಳಿ ಅವನ ಪಕ್ಕದ ಬೆಂಚಿನಲ್ಲಿ ಕೂತೆ. ಪುಟ್ಟಿ ಎದ್ದು ಬಂದು ಅವನ ಇನ್ನೊಂದು ಬದಿಗೆ ಕೂತಳು. ಆವತ್ತಿನ ಪಾಠ ಅಲ್ಲಿಗೇ ನಿಂತಿತು.

ಈಸ್ಟರ್ ದಿನ ಪೂಜೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಡಬ್ಬಿ ಬಂದು ಕೂತಿತ್ತು. ಬಾಳೆಎಲೆ, ಐದು ಒಬ್ಬಟ್ಟು, ತುಪ್ಪ. ಪುಟ್ಟಿ ಎರಡೂವರೆ ತಿಂದಳು, ಎರಡನ್ನು ಆ ಹುಡುಗನ ಮನೆಗೆ ಕಟ್ಟಿಸಿಕೊಂಡಳು. ಉಳಿದರ್ಧ ಡಬ್ಬಿಯಲ್ಲಿತ್ತು, ಇನ್ನೂ ಬಿಸಿ. ನನಗೆ ಸಕ್ಕರೆ ಕಾಯಿಲೆ. ಗಡಿಯಾರ ನೋಡಿದೆ: ಹತ್ತು ಗಂಟೆ ಹನ್ನೆರಡು ನಿಮಿಷ. ಪುಟ್ಟಿ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು.